ಹೇಳಿದ ದಿನಕ್ಕೆ ಚಿತ್ರ

ಮದುವೆಯ ಮಂಟಪದಲ್ಲಿ ಇಂದು ಶಾಸ್ತ್ರ ನಡೆಸುವ ಅಯ್ಯನವರ ಮಾತಿಗಿಂತ ಛಾಯಾಗ್ರಾಹಕನ ಮಾತೇ ಹೆಚ್ಚು ನಡೆಯುತ್ತದೆ. "ಸ್ವಲ್ಪ ಇತ್ತ ನೋಡಿ, ಇನ್ನೊಮ್ಮೆ ಅಕ್ಷತೆ ಹಾಕಿ" ಎಂದು ಆತ ಹೇಳಿದರೆ ಹಿರಿಯರೂ ಮರುಮಾತಿಲ್ಲದೆ ಕೈಯೆತ್ತುತ್ತಾರೆ. ಆ ಎರಡು ದಿನ ಅವನು ಎಲ್ಲರನ್ನೂ ಆಳುತ್ತಾನೆ. ಮೂರನೆಯ ದಿನದಿಂದ ಎಲ್ಲರೂ ಅವನನ್ನು ಆಳತೊಡಗುತ್ತಾರೆ. "ಫೋಟೋ ಯಾವಾಗ?" ಎಂಬ ಪ್ರಶ್ನೆ ಹೆಣ್ಣಿನ ಮನೆಯಿಂದ, ಗಂಡಿನ ಮನೆಯಿಂದ, ಊಟ ಮಾಡಿ ಹೋದ ದೂರದ ನೆಂಟರಿಂದಲೂ ಬರುತ್ತದೆ. ಹೀಗೆ ಕೇಳುವವರಲ್ಲಿ ನಾವೂ ಒಬ್ಬರಾಗಿದ್ದೆವೆಂಬುದನ್ನು ಓದುಗರಿಂದ ಮರೆಮಾಚುವುದಿಲ್ಲ.

ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದ 1970ರ ದಶಕದಲ್ಲಿ ಸ್ಟುಡಿಯೋದವರು ತರುತ್ತಿದ್ದ ಕ್ಯಾಮರಾದಲ್ಲಿ ಒಂದು ಸುರುಳಿಗೆ 12 ಚಿತ್ರ. ಇಡೀ ಮದುವೆಗೆ ಎರಡು ಸುರುಳಿ ಖರ್ಚಾದರೆ ಯಜಮಾನನ ಹುಬ್ಬು ಮೇಲೇರುತ್ತಿತ್ತು. ಅಂದು ಚಿತ್ರಗಳು ತಿಂಗಳಾದ ಮೇಲೆ ಬಂದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇಂದು ಕ್ಯಾಮರಾದ ಹಿಂಬದಿಯಲ್ಲಿ ಚಿತ್ರ ಆ ಕ್ಷಣವೇ ಕಾಣುತ್ತದೆ. ಕಂಡದ್ದು ಕೈಗೆ ಬರಲು ತಡವೇಕೆ ಎಂದು ನೋಡಿದವರು ಕೇಳುವುದು ಸಹಜವೇ.

ನಮ್ಮ ಬಳಿ ಕೆಲಕಾಲ ವ್ಯಾಕರಣವನ್ನು ಅಭ್ಯಸಿಸಿ, ಅನಂತರ ಅದನ್ನು ಬಿಟ್ಟು ಕ್ಯಾಮರಾ ಹಿಡಿದ ತರುಣನೊಬ್ಬನಿದ್ದಾನೆ. (ವ್ಯಾಕರಣಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ.) ಕೆಲವು ವರ್ಷಗಳ ಹಿಂದೆ ವೈಶಾಖ ಮುಗಿಯುತ್ತಿದ್ದ ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. ನಿದ್ದೆಯಿಲ್ಲದೆ ಕಣ್ಣುಗಳು ಕೆಂಪಾಗಿದ್ದವು. "ಗುರುಗಳೇ, ಈ ಕೆಲಸವನ್ನೇ ಬಿಟ್ಟುಬಿಡುತ್ತೇನೆ" ಎಂದ. ಹನ್ನೊಂದು ದಿನಗಳಲ್ಲಿ ಐದು ಮದುವೆಗಳನ್ನು ಒಪ್ಪಿಕೊಂಡಿದ್ದ. ಒಂದು ಮನೆಯವರು ಅಂದು ಬೆಳಿಗ್ಗೆ ಅವನ ಅಂಗಡಿಗೇ ಬಂದು, ನಾಲ್ಕು ಜನರೆದುರು ಬೈದು, ಬಾಕಿ ಹಣ ಕೊಡುವುದಿಲ್ಲವೆಂದು ಹೇಳಿ ಹೋಗಿದ್ದರು.

ಮದುವೆಗಳು ಹೀಗೆ ಗುಂಪುಗೂಡುವುದಕ್ಕೆ ಅವನು ಕಾರಣನಲ್ಲ. ಆಷಾಢದಲ್ಲಿ ಬೇಡ, ಧನುರ್ಮಾಸದಲ್ಲಿ ಬೇಡ ಎಂದ ಮೇಲೆ ಉಳಿದ ಕೆಲವೇ ಲಗ್ನಗಳಿಗೆ ಊರಿಗೆ ಊರೇ ಮುಗಿಬೀಳುತ್ತದೆ. ತಿಥಿ-ವಾರಗಳ ಶಂಕೆ ಬೇಡವೆಂದ ಶರಣರ ಮಕ್ಕಳಾದ ನಾವೂ ಅದೇ ಸಾಲಿನಲ್ಲಿ ನಿಲ್ಲುತ್ತೇವೆ. ಆದರೆ ಸಂಚಕಾರ ತೆಗೆದುಕೊಳ್ಳುವಾಗ ಐದೂ ಮನೆಗಳಿಗೆ "ಎಂಟು ದಿನದಲ್ಲಿ ಕೊಡುತ್ತೇನೆ" ಎಂದದ್ದು ಅವನೇ. ಏಕೆಂದು ಕೇಳಿದೆವು. "ಪಕ್ಕದ ಸ್ಟುಡಿಯೋದವರು ಹತ್ತು ದಿನ ಎನ್ನುತ್ತಾರೆ" ಎಂದ.

ನಾವು ಕಾಗದ, ಪೆನ್ನು ತರಿಸಿದೆವು. "ತಮ್ಮಾ, ಒಂದು ಮದುವೆಗೆ ಎಷ್ಟು ಚಿತ್ರ?" ಎರಡು ದಿನ, ಇಬ್ಬರು ತೆಗೆದರೆ 3,600. ಅವುಗಳಲ್ಲಿ ಕಣ್ಣು ಮುಚ್ಚಿದ್ದು, ಅಲುಗಿದ್ದು, ಒಂದೇ ಭಂಗಿಯ ಹತ್ತು ಪ್ರತಿ, ಇವನ್ನು ಬೇರ್ಪಡಿಸಲು ಒಂದೊಂದಕ್ಕೆ 6 ಸೆಕೆಂಡಿನಂತೆ ಹಿಡಿದರೂ 6 ಗಂಟೆ. ಉಳಿದ 600 ಚಿತ್ರಗಳ ಬೆಳಕು, ಬಣ್ಣ, ಅಂಚು ಸರಿಪಡಿಸಲು ತಲಾ 2 ನಿಮಿಷವೆಂದರೆ 20 ಗಂಟೆ. ಒಂದು ಮದುವೆಗೆ 26 ಗಂಟೆ, ಐದಕ್ಕೆ 130. ದಿನಕ್ಕೆ 10 ಗಂಟೆ ಮೇಲೇಳದೆ ಕುಳಿತರೂ 13 ದಿನ. ಆಲ್ಬಮಿನ ಪುಟವಿನ್ಯಾಸ, ಲ್ಯಾಬಿನಲ್ಲಿ ಮುದ್ರಣ, ರಟ್ಟು ಕಟ್ಟುವುದು ಇವೆಲ್ಲ ಬೇರೆ. ನಡುವೆ ಮುಂದಿನ ಮದುವೆಗೂ ಓಡಬೇಕು. ಹುಡುಗ ಕಾಗದವನ್ನೇ ನೋಡುತ್ತ ಕುಳಿತ. ಮಾತು ಕೊಡುವ ಮುನ್ನ ಮಾಡಬೇಕಾಗಿದ್ದ ಲೆಕ್ಕವನ್ನು ಬೈಗುಳ ತಿಂದ ಮೇಲೆ ಮಾಡಿದ್ದೆವು.

ಬಳಿಕ, ಬೈದವರಿಗೆ ಅಷ್ಟು ಅವಸರವೇಕೆಂದು ವಿಚಾರಿಸಿದೆವು. ಅವನಿಗೂ ಗೊತ್ತಿರಲಿಲ್ಲ, ಅಲ್ಲಿಂದಲೇ ದೂರವಾಣಿ ಮಾಡಿ ಕೇಳಿದ. ಮದುಮಗ ಹೊರದೇಶದಲ್ಲಿ ಉದ್ಯೋಗಿ. ಅವನ ರಜೆ ಮುಗಿಯಲು ಒಂದೇ ವಾರ ಉಳಿದಿತ್ತು. ಅಷ್ಟರೊಳಗೆ ವಿವಾಹ ನೋಂದಣಿ ಆಗಬೇಕು, ಅದಕ್ಕೆ ಲಗ್ನಪತ್ರಿಕೆಯೊಡನೆ ಮದುವೆಯ ಚಿತ್ರ ಬೇಕು. ಹೆಂಡತಿಯ ವೀಸಾ ಅರ್ಜಿಗೂ ಬೇಕು. ಹೊಸದಾಗಿ ಮದುವೆಯಾದ ಮಗಳು ಎಷ್ಟು ತಿಂಗಳು ತವರಿನಲ್ಲಿ ಉಳಿಯುವಳೋ ಎಂಬ ಚಿಂತೆಯಿಂದ ತಂದೆ ಕೂಗಾಡಿದ್ದರು. ಅವರಿಗೆ ಬೇಕಾದದ್ದು 600 ಚಿತ್ರಗಳಲ್ಲ, ಹತ್ತು-ಹನ್ನೆರಡು. ತರುಣ ಅಂದು ರಾತ್ರಿಯೇ 30 ಚಿತ್ರಗಳನ್ನು ಸಿದ್ಧಪಡಿಸಿ ಬೆಳಿಗ್ಗೆ ಮುಟ್ಟಿಸಿದ. ಬೈದವರೇ ಸಂಜೆಗೆ ಅರ್ಧ ಬಾಕಿ ಕಳುಹಿಸಿದರು.

ಹಾಗೆಂದು ಹೇಗಾದರೂ ಬೇಗ ಕೊಟ್ಟವನೇ ಸಮರ್ಥನೆಂದು ತಿಳಿಯಬಾರದು. ಅದೇ ಸಂಜೆ ಅವನು ಇನ್ನೊಂದು ಸಂಗತಿಯನ್ನು ತಲೆ ತಗ್ಗಿಸಿ ಹೇಳಿದ. ಒಂದು ಮದುವೆಯ ಮೂಲಚಿತ್ರಗಳು ಸುಮಾರು 100 ಜಿಬಿ ಆಗುತ್ತವೆ. ಅವನ್ನು ಮೆಮೊರಿ ಕಾರ್ಡುಗಳಿಂದ ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡಿಕೊಂಡ ಮೇಲೆಯೇ ಕಾರ್ಡನ್ನು ಅಳಿಸಬೇಕೆಂಬುದು ಈ ವೃತ್ತಿಯ ಮೊದಲ ಪಾಠ. ಹಿಂದಿನ ವರ್ಷ ಮರುದಿನದ ಮದುವೆಗೆ ಬಸ್ಸು ಹಿಡಿಯುವ ಧಾವಂತದಲ್ಲಿ, ನಕಲಾಗದ ಕಾರ್ಡೊಂದನ್ನು ಖಾಲಿಯೆಂದು ತಿಳಿದು ಅಳಿಸಿದ. ಅಳಿಸಿದ ಮಾತ್ರಕ್ಕೆ ಚಿತ್ರಗಳು ಹೋಗುವುದಿಲ್ಲವಂತೆ. ತಂತ್ರಾಂಶದ ನೆರವಿನಿಂದ ಮರಳಿ ಪಡೆಯಬಹುದಂತೆ. ಆದರೆ ಅವುಗಳ ಸ್ಥಾನದಲ್ಲಿ ಹೊಸ ಚಿತ್ರಗಳು ಕುಳಿತರೆ ಉಪಾಯವಿಲ್ಲ. ಅವನು ಆ ಕಾರ್ಡಿನಲ್ಲಿ ಇಡೀ ದಿನ ಹೊಸ ಮದುವೆಯನ್ನು ತೆಗೆದಿದ್ದ. ಹೋದವುಗಳಲ್ಲಿ ಮದುಮಗಳ ಅಜ್ಜಿ ಗಾಲಿಕುರ್ಚಿಯಲ್ಲಿ ಬಂದು ಅಕ್ಷತೆ ಹಾಕಿದ ಚಿತ್ರಗಳೂ ಇದ್ದವು. ಆಲ್ಬಮ್ ಮಾತ್ರ ಹೇಳಿದ ದಿನಕ್ಕೆ ತಲುಪಿತು. ಮೂರು ತಿಂಗಳ ಮೇಲೆ ಅಜ್ಜಿ ಲಿಂಗೈಕ್ಯರಾದಾಗ ಆ ಮನೆಯವರು ಅಂಗಡಿಗೆ ಬಂದು, ಇನ್ನೊಮ್ಮೆ ಹುಡುಕಿ ನೋಡೆಂದು ಕೈಮುಗಿದರಂತೆ. ಬೈದವರನ್ನು ಮರೆತಿದ್ದೇನೆ, ಆ ಕೈಮುಗಿದವರನ್ನು ಮರೆಯಲಾರೆ ಎಂದ.

ಅವಸರದಿಂದ ಚಿತ್ರಗಳು ಕೆಟ್ಟ ಕಥೆಯೊಂದು ಇವರ ವೃತ್ತಿಯಲ್ಲಿ ಬಹು ಪ್ರಸಿದ್ಧವಾದುದು. 1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿ ತೀರಕ್ಕಿಳಿದಾಗ ರಾಬರ್ಟ್ ಕಾಪಾ ತೆಗೆದ ಚಿತ್ರಸುರುಳಿಗಳು ಲಂಡನ್ನಿನ 'ಲೈಫ್' ಪತ್ರಿಕೆಯ ಕಚೇರಿಗೆ ಬಂದವು. ಗಡುವಿನ ಒತ್ತಡದಲ್ಲಿ ಒಣಗಿಸುವ ಪೆಟ್ಟಿಗೆಯ ಕಾವು ಹೆಚ್ಚಿ ಬಹುಪಾಲು ಕರಗಿಹೋದವೆಂದೂ, ಹತ್ತು-ಹನ್ನೊಂದು ಚಿತ್ರಗಳು ಮಾತ್ರ ಉಳಿದವೆಂದೂ ದಶಕಗಳ ಕಾಲ ಹೇಳುತ್ತ ಬಂದರು. 2014ರಿಂದೀಚೆಗೆ ಕೆಲವು ಸಂಶೋಧಕರು ಈ ಕಥೆಯನ್ನು ಒಪ್ಪದೆ, ಕಾಪಾ ತೆಗೆದದ್ದೇ ಅಷ್ಟೆಂದು ವಾದಿಸಿದ್ದಾರೆ. ಯಾವುದು ನಿಜವಾದರೂ, ಅಷ್ಟು ಕಾಲ ಯಾವ ಛಾಯಾಗ್ರಾಹಕನಿಗೂ ಅದನ್ನು ನಂಬಲು ಕಷ್ಟವಾಗಲಿಲ್ಲವೆಂಬುದನ್ನು ಗಮನಿಸಬೇಕು.

ಈಗ ನಮ್ಮ ತರುಣ ಸಂಚಕಾರದ ರಸೀದಿಯಲ್ಲಿ ಮೂರು ದಿನಗಳನ್ನು ಬರೆದುಕೊಡುತ್ತಾನೆ. ತುರ್ತು ಬೇಕಾದ 30 ಚಿತ್ರ ಎರಡನೆಯ ದಿನ; ಎಲ್ಲ ಚಿತ್ರಗಳು 21ನೆಯ ದಿನ; ಆಲ್ಬಮ್, ಮನೆಯವರು ಚಿತ್ರಗಳನ್ನು ಆರಿಸಿ ಪಟ್ಟಿ ಕೊಟ್ಟ ಮೇಲೆ 30 ದಿನ. ತುರ್ತು ಯಾವುದಕ್ಕೆಂದು ತಾನೇ ಕೇಳಿ ಬರೆದುಕೊಳ್ಳುತ್ತಾನೆ. ಒಂದು ಲಗ್ನದ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಮದುವೆ ಒಪ್ಪುವುದಿಲ್ಲ. ನಾಲ್ಕನೆಯವರನ್ನು ಪಕ್ಕದ ಸ್ಟುಡಿಯೋಗೇ ಕಳುಹಿಸುತ್ತಾನೆ. ಮೊದಲ ವರ್ಷ ಆದಾಯ ಕಡಿಮೆಯಾಯಿತೆಂದು ಅವನ ತಾಯಿ ನಮ್ಮ ಮೇಲೆ ಮುನಿಸಿಕೊಂಡಿದ್ದರು.

ಮೂರನೆಯ ದಿನಾಂಕದ ಮರ್ಮ ನಮಗೆ ತಿಳಿದದ್ದು ನಮ್ಮ ತಮ್ಮನ ಮಗಳ ಮದುವೆಯಲ್ಲಿ. 21ನೆಯ ದಿನ ಎಲ್ಲ ಚಿತ್ರಗಳು ಮನೆಗೆ ಬಂದವು. ಯಾವುವನ್ನು ಆಲ್ಬಮಿಗೆ ಹಾಕಬೇಕೆಂಬ ಚರ್ಚೆ ಅಂದೇ ಮೊದಲಾಯಿತು. ದೊಡ್ಡತ್ತೆಯ ಚಿತ್ರ ಎರಡು ಪುಟ, ಚಿಕ್ಕತ್ತೆಯದು ಒಂದೇ ಪುಟ ಎಂಬಲ್ಲಿ ನಿಂತ ಮಾತು ದೀಪಾವಳಿ ದಾಟಿ ಸಂಕ್ರಾಂತಿಯವರೆಗೆ ಹೋಯಿತು. ಈ ನಡುವೆ ಎರಡು ಸಲ ನಾವೇ ಅವನಿಗೆ ದೂರವಾಣಿ ಮಾಡಿ, ಆಲ್ಬಮ್ ಏನಾಯಿತೆಂದು ಗದರಿದ್ದೂ ಉಂಟು. "ಪಟ್ಟಿ ಇನ್ನೂ ಬಂದಿಲ್ಲ, ಗುರುಗಳೇ" ಎಂದು ಮೆಲ್ಲಗೆ ಹೇಳಿದ. ಏಳನೆಯ ತಿಂಗಳಲ್ಲಿ ಪಟ್ಟಿ ಕೊಟ್ಟೆವು. ಇಪ್ಪತ್ತೆಂಟನೆಯ ದಿನ ಆಲ್ಬಮ್ ಮನೆ ಬಾಗಿಲಿಗೆ ಬಂತು. ಬಾಕಿ ಹಣ ಕೊಡಲು ನಾವು ಇನ್ನೆರಡು ದಿನ ತೆಗೆದುಕೊಂಡೆವು.