ಆಪರೇಷನ್ ಹೆಂಗಸ್ರಿಗೇ ಅಂತ ಬರೆದಿಟ್ಟವರ್ಯಾರು?

ಮೊನ್ನೆ ಹೊಸನಗರ ಕಡೆಯ ಒಂದು ಕೇರಿಲಿ ಹಕ್ಕುಪತ್ರದ ಸಭೆ ಇತ್ತು. ಮುಗಿದ ಮೇಲೆ ಚಾ ಕುಡೀತಾ ಕೂತಾಗ ಆಶಾ ಕಾರ್ಯಕರ್ತೆ ಅಕ್ಕ ಕೇಳಿದ್ರು: "ಅಣ್ಣಾ, ಎಲ್ಲದಕ್ಕೂ ಮೈಕ್ ಹಿಡೀತೀರಿ. ಗಂಡಸ್ರೂ ಆಪರೇಷನ್ ಮಾಡಿಸ್ಕೊಳ್ಳಿ ಅಂತ ಒಂದ್ ಸಲ ಆದ್ರೂ ಹೇಳಿದೀರಾ?" ಸುತ್ತ ಇದ್ದ ಹುಡುಗ್ರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಚುಚ್ಚೋಕೆ ಶುರುವಾಯ್ತು.

ಯಾಕಂದ್ರೆ ನಮ್ಮ ಮನೇಲೂ ಆಪರೇಷನ್ ಆಗಿದ್ದು ನನ್ನ ಹೆಂಡ್ತಿಗೇ. ಎರಡು ಹೆರಿಗೆ ನೋವು ಅವಳದ್ದು, ಹೊಟ್ಟೆ ಕೊಯ್ಸಿಕೊಂಡಿದ್ದೂ ಅವಳೇ. ಬಿಎ ಓದಿದ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಹದಿನೈದು ದಿನದೊಳಗೆ ಅವಳು ಅಡಿಕೆ ಸುಲಿಯೋಕೆ ಕೂತಿದ್ಲು.

ಇದು ನನ್ನೊಬ್ಬನ ಮನೆ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಜನಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ. ಗಂಡಸರ ಲೆಕ್ಕ? 0.0. ಸೊನ್ನೆ!

ನಮ್ಮ ತೀರ್ಥಹಳ್ಳಿ, ಸಾಗರ, ಹೊಸನಗರದಲ್ಲಿ ಕೇಳೋ ನೆಪ ಒಂದೇ. "ಮರ ಹತ್ತಿ ಕೊನೆ ತೆಗೀಬೇಕು, ಮೂಟೆ ಹೊರಬೇಕು, ಶಕ್ತಿ ಹೋಗುತ್ತೆ." ಸುಳ್ಳು. ಈಗಿನ ಎನ್ಎಸ್‌ವಿ ಅನ್ನೋ ವಿಧಾನದಲ್ಲಿ ಬ್ಲೇಡಿನ ಗಾಯ ಇಲ್ಲ, ಹೊಲಿಗೆ ಇಲ್ಲ. ಸಣ್ಣ ತೂತು ಮಾಡಿ ವೀರ್ಯನಾಳ ಮುಚ್ಚುತ್ತಾರೆ, ಅಷ್ಟೆ. ಅವತ್ತೇ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರದ ಕೆಲಸ ಬೇಡ. ಮೂರು ತಿಂಗಳು ಕಾಂಡೋಮ್ ಬಳಸಿ ವೀರ್ಯ ಪರೀಕ್ಷೆ ಮಾಡಿಸ್ಕೊಬೇಕು, ಇದನ್ನ ಮರೀಬಾರದು. ಗಂಡಸ್ತನ ಎಲ್ಲೂ ಹೋಗಲ್ಲ. ಹೆಂಗಸರ ಆಪರೇಷನ್‌ಗಿಂತ ಅಪಾಯ ಕಡಿಮೆ.

ಹೆದರಿಕೆಗೆ ಕಾರಣವೂ ಇದೆ, ಅದನ್ನ ಮುಚ್ಚಿಡಲ್ಲ. 1976ರ ತುರ್ತು ಪರಿಸ್ಥಿತಿಲಿ ದೇಶದಲ್ಲಿ ಲಕ್ಷಾಂತರ ಗಂಡಸರಿಗೆ ಬಲವಂತದ ಆಪರೇಷನ್ ಆಯ್ತು. ಸಿಕ್ಕಿಬಿದ್ದವರು ಬಡವರು, ದಲಿತರು, ಮುಸ್ಲಿಮರು. ಆಮೇಲೆ ಸರ್ಕಾರಗಳು ಗಂಡಸರ ತಂಟೆಗೆ ಬರೋದು ಬಿಟ್ಟು ಇಡೀ ಹೊರೆ ಹೆಂಗಸರ ತಲೆಗೆ ಹೊರಿಸಿದವು. ಆ ಅನ್ಯಾಯದ ನೆನಪು ನಮಗಿರಲಿ. ಆದ್ರೆ ಅದರ ದಂಡ ನಮ್ಮ ಹೆಂಗಸರು ಯಾಕೆ ಕಟ್ಟಬೇಕು?

ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕೋ ನಾವು ಇದನ್ನೂ ತಿಳ್ಕೊಬೇಕು. 1938ರ ನವೆಂಬರ್ 10ರಂದು ಬಾಂಬೆ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಗೊತ್ತುವಳಿ ಬಂತು. ಬಾಬಾಸಾಹೇಬರು ಸಿದ್ಧಪಡಿಸಿದ ಭಾಷಣವನ್ನು ಅವರ ಪಕ್ಷದ ಪಿ.ಜೆ. ರೋಹಮ್ ಮಂಡಿಸಿದರು. ಹೆರಿಗೆ ನೋವು ಗಂಡಸರೇ ತಿನ್ನೋ ಹಾಗಿದ್ರೆ ಒಂದಕ್ಕಿಂತ ಹೆಚ್ಚು ಮಗುಗೆ ಯಾವನೂ ಒಪ್ತಿರಲಿಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ. ಗೊತ್ತುವಳಿ ಬಿದ್ದುಹೋಯ್ತು. ಮಾತು ಬಿದ್ದಿಲ್ಲ.

ಆರೋಗ್ಯ ಇಲಾಖೆಗೂ ಒಂದು ಮಾತು. ಮಂಗನ ಕಾಯಿಲೆ ಬಂದಾಗ ಎಣ್ಣೆ ಹಂಚೋಕೆ ಮನೆಮನೆಗೆ ಬರ್ತೀರಿ, ಸಂತೋಷ. ಕಾಂಡೋಮ್ ವಿಷಯ ಮಾತ್ರ ಆಶಾ ಅಕ್ಕನೇ ಹೆಂಗಸರ ಕಿವೀಲಿ ಹೇಳಬೇಕಾ? ಗಂಡಸರ ಹತ್ರ ಮಾತಾಡೋಕೆ ಗಂಡಸು ಸಿಬ್ಬಂದಿ ಕಳಿಸಿ, ಸಂಜೆ ಕೂಲಿ ಮುಗಿದ ಮೇಲೆ. ಹೈಸ್ಕೂಲಲ್ಲಿ ಹುಡುಗೀರ ಜೊತೆಗೆ ಹುಡುಗರನ್ನೂ ಕೂರಿಸಿ ಪಾಠ ಮಾಡಿ. ಬಲವಂತ ಬೇಡ, ಟಾರ್ಗೆಟ್ ಬೇಡ. ಸರಿಯಾದ ಮಾಹಿತಿ ಕೊಡಿ, ನಿರ್ಧಾರ ಗಂಡ ಹೆಂಡ್ತಿ ಕೂತು ಮಾಡ್ತಾರೆ.

ನಮ್ಮ ಸಂಘಟನೆಯ ಮುಂದಿನ ಸಭೇಲಿ ಈ ವಿಷಯ ನಾನೇ ಎತ್ತುತೀನಿ. ಮೊದಲು ನನ್ನ ಬೆಂಚಿನ ಕತೆ ಹೇಳ್ತೀನಿ. ನಗೋರು ನಗಲಿ. ಆಶಾ ಅಕ್ಕನನ್ನ ಮುಂದಿನ ಸಾಲಲ್ಲಿ ಕೂರಿಸ್ತೀನಿ.

ಜೈ ಭೀಮ್.