ಭಾಗವತರಿಗೆ ಎಕೋ ಯಾಕೆ?

ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯ ಆಟಗಳಲ್ಲಿ ಭಾಗವತರ ಮೈಕಿಗೆ ಎಕೋ ತುಂಬುವ ಚಟವನ್ನು ನಾವು ಸುಮ್ಮನೆ ಸಹಿಸಿಕೊಂಡಿದ್ದೇವೆ. ಮಿಕ್ಸರಿನಲ್ಲಿ ಅದನ್ನು 300 ಮಿಲಿಸೆಕೆಂಡಿಗೆ ಇಟ್ಟರೆ, 50 ಮೀಟರ್ ಆಚೆ ಗೋಡೆಯೊಂದು ನಿಂತು ಪ್ರತಿ ಅಕ್ಷರವನ್ನೂ ಅಣಕಿಸಿದ ಹಾಗೆ. ಬಯಲುಗದ್ದೆಗೆ ಆ ಗೋಡೆ ಎಲ್ಲಿಂದ ಬಂತು? ನಿಧಾನದ ಪದ್ಯವಾದರೆ ಹೇಗೋ ಕೇಳಬಹುದು. ಯುದ್ಧದ ಪದಕ್ಕೆ ಚೆಂಡೆ ಏರಿತೋ, ಮುಗಿದ ಅಕ್ಷರದ ಬಾಲ ಮುಂದಿನ ಪೆಟ್ಟಿನ ಮೇಲೆ ಬಿದ್ದು ಸಾಹಿತ್ಯವೇ ಮುಳುಗುತ್ತದೆ. ಡಿಜಿಟಲ್ ಮಾಡೆಲರ್ ಬಳಸುವ ಗಿಟಾರಿನವರೂ ಕೋಣೆಯಲ್ಲಿ ಹೊಂದಿಸಿದ ರಿವರ್ಬನ್ನು ವೇದಿಕೆಯಲ್ಲಿ ತಗ್ಗಿಸುತ್ತಾರೆ. ಭಾಗವತರೇ ಮೊದಲನೆಯ ವೇಷ ಎನ್ನುವವರು ನಾವು. ಆ ವೇಷಕ್ಕೆ ಮಸಿ ಬಳಿದರೆ ಸುಮ್ಮನಿರುವುದೇ? ‘ಜನಕ್ಕೆ ಅದೇ ಇಷ್ಟ’ ಎನ್ನುವ ಮೈಕಿನವರೇ, ಇವತ್ತು ರಾತ್ರಿ ಒಂದು ಪದ್ಯವನ್ನಾದರೂ ಎಕೋ ಇಲ್ಲದೆ ಕೇಳ್ಸಿ ಕಾಣಿ, ಮಾರಾಯ್ರೆ.