ಎರಡನೆಯ ಸೋಂಕಿಗೆ ಸಾಕ್ಷಿ ಯಾರು?

ಕತಾರ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅಬು ಹಮೂರ್ ಅಪರಿಚಿತ ಹೆಸರಲ್ಲ. ಭಾರತೀಯ ಶಾಲೆಗಳು, ಚರ್ಚುಗಳ ಸಮುಚ್ಚಯ, ಮಾಲ್‌ಗಳು, ಒಂದೊಂದು ವಿಲ್ಲಾದೊಳಗೆ ಹಲವು ಸಂಸಾರಗಳು: ದೋಹಾದ ದಕ್ಷಿಣ ಭಾಗದ ಈ ಬಡಾವಣೆ ಮಧ್ಯಮವರ್ಗದ ವಲಸಿಗ ಬದುಕಿನ ಚಿತ್ರದಂತಿದೆ. ಅದರ ಪಕ್ಕದಲ್ಲೇ ಇಂಡಸ್ಟ್ರಿಯಲ್ ಏರಿಯಾ ಇದೆ. ಅಲ್ಲಿ ಗ್ಯಾರೇಜುಗಳು, ಉಗ್ರಾಣಗಳು, ಕಾರ್ಮಿಕರ ಸಾಲು ಸಾಲು ವಸತಿಗಳು. 2020ರ ಮಾರ್ಚ್‌ನಲ್ಲಿ ಕೊರೊನಾ ಹಬ್ಬತೊಡಗಿದಾಗ ಇಂಡಸ್ಟ್ರಿಯಲ್ ಏರಿಯಾದ ಬೀದಿಗಳನ್ನು ಮುಚ್ಚಲಾಯಿತು. ನೆರೆಯ ಬಡಾವಣೆಗಳಲ್ಲಿ ಜನ ಮನೆಯೊಳಗೆ ಉಳಿದರು. ಅಲ್ಲಿನವರು ಕೋಣೆಯೊಳಗೆ ಉಳಿದರು. ಮನೆ ಮತ್ತು ಕೋಣೆಗಳ ನಡುವಿನ ಅಂತರವೆಷ್ಟು ಎಂಬುದನ್ನು ಆಮೇಲೆ ರಕ್ತಪರೀಕ್ಷೆಯೇ ಅಂಕಿಗಳಲ್ಲಿ ಹೇಳಿತು.

ಆ ವರ್ಷ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಕತಾರ್‌ನ ನಗರವಾಸಿಗಳಲ್ಲಿ 1,12,941 ಜನರ ರಕ್ತದ ಮಾದರಿಗಳನ್ನು ಪ್ರತಿಕಾಯಗಳಿಗಾಗಿ ಪರೀಕ್ಷಿಸಲಾಯಿತು. ಬೇರೆ ಚಿಕಿತ್ಸೆಗೆಂದು ಆಸ್ಪತ್ರೆಗೆ ಬಂದವರಿಂದ ತೆಗೆದು ಉಳಿದಿದ್ದ ರಕ್ತವದು. ಅವರಲ್ಲಿ ಶೇ 13.3ರಷ್ಟು ಜನರಲ್ಲಿ ಹಿಂದಿನ ಸೋಂಕಿನ ಗುರುತು ಕಂಡಿತು. ಅದೇ ಬೇಸಿಗೆಯ ಕೊನೆಯಲ್ಲಿ ದೈಹಿಕ ದುಡಿಮೆಯ ಕಾರ್ಮಿಕರ ನಡುವೆ ಪ್ರತ್ಯೇಕ ಸಮೀಕ್ಷೆ ನಡೆದಾಗ ಆ ಪ್ರಮಾಣ ಶೇ 55.3. ಈ ಕಾರ್ಮಿಕರು ದೇಶದ ಜನಸಂಖ್ಯೆಯ ಸುಮಾರು ಶೇ 60ರಷ್ಟಿದ್ದಾರೆ. ವೈರಾಣುವಿಗೆ ವರ್ಗಭೇದ ತಿಳಿಯದು ಎಂಬ ಮಾತು ಆ ದಿನಗಳಲ್ಲಿ ಎಲ್ಲೆಡೆ ಕೇಳಿಬರುತ್ತಿತ್ತು. ವೈರಾಣುವಿಗೆ ತಿಳಿಯದಿರಬಹುದು, ಒಂದು ಕೋಣೆಯಲ್ಲಿ ಎಷ್ಟು ಮಂಚ, ಒಂದು ಶೌಚಾಲಯಕ್ಕೆ ಎಷ್ಟು ಜನ ಎಂದು ನಿರ್ಧರಿಸುವ ವ್ಯವಸ್ಥೆಗೆ ಚೆನ್ನಾಗಿ ತಿಳಿದಿದೆ.

ಮರುಸೋಂಕಿನ ಪ್ರಶ್ನೆ ಎದ್ದಿದ್ದು ಈ ಹಿನ್ನೆಲೆಯಲ್ಲಿ. ಒಮ್ಮೆ ಸೋಂಕು ತಗುಲಿದವರಿಗೆ ಅದು ಮತ್ತೆ ಬರುವುದೇ? 2020ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಒಬ್ಬನೇ ವ್ಯಕ್ತಿಯ ಎರಡು ಸೋಂಕುಗಳ ಜೀನೋಮ್ ಹೋಲಿಸಿ, ಅವೆರಡೂ ಬೇರೆ ಬೇರೆ ವೈರಾಣುಗಳೆಂದು ತೋರಿಸಿ ಬರುತ್ತದೆ ಎಂದು ಉತ್ತರಿಸಿದರು. ಆದರೆ ಅಂಥ ಸಾಕ್ಷ್ಯಕ್ಕೆ ಎರಡೂ ಸಲದ ಮಾದರಿಗಳು ಉಳಿದಿರಬೇಕು. ಕೋಟಿಗಟ್ಟಲೆ ಜನರ ವಿಷಯದಲ್ಲಿ ಅದು ಅಸಾಧ್ಯ. ಹೀಗಾಗಿ ಸರಳ ವ್ಯಾಖ್ಯೆಗಳು ಬಂದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ಎರಡು ಪಾಸಿಟಿವ್ ವರದಿಗಳ ನಡುವೆ ಕನಿಷ್ಠ 102 ದಿನಗಳ ಅಂತರ, ಮಧ್ಯದಲ್ಲೊಂದು ನೆಗೆಟಿವ್ ವರದಿ ಇರಬೇಕು ಎಂದರು. ಗುಣವಾದ ಮೇಲೂ ವೈರಾಣುವಿನ ನಿರ್ಜೀವ ತುಣುಕುಗಳು ವಾರಗಟ್ಟಲೆ ಮೂಗಿನಲ್ಲಿ ಉಳಿದು ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದರಿಂದ ಈ ಎಚ್ಚರ ಅಗತ್ಯವೂ ಆಗಿತ್ತು.

ಆದರೆ ಈ ವ್ಯಾಖ್ಯೆಯೊಳಗೆ ಒಂದು ಅನ್ಯಾಯ ಅಡಗಿದೆ. ಮೊದಲನೆಯ ಸೋಂಕಿನ ಕಾಗದ ಇಲ್ಲದವನಿಗೆ ಎರಡನೆಯ ಸೋಂಕು ಆಗುವುದೇ ಇಲ್ಲ, ಕನಿಷ್ಠ ಲೆಕ್ಕದ ಪುಸ್ತಕದಲ್ಲಿ. ಕತಾರ್‌ನ ಕಾರ್ಮಿಕ ಸಮೀಕ್ಷೆಯಲ್ಲಿ ಪ್ರತಿಕಾಯ ಕಂಡುಬಂದವರಲ್ಲಿ ಬಹುಪಾಲು ಜನರಿಗೆ ಹಿಂದೆ ಸೋಂಕು ಖಚಿತಪಟ್ಟ ದಾಖಲೆಯೇ ಇರಲಿಲ್ಲ. ಕರ್ನಾಟಕದ ಸ್ಥಿತಿಯೂ ಭಿನ್ನವಲ್ಲ. 2020ರ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ರಾಜ್ಯದಲ್ಲಿ ನಡೆದು, ಮುಂದೆ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಜನಸಂಖ್ಯೆಯ ಶೇ 46.7ರಷ್ಟು ಜನರಲ್ಲಿ ಪ್ರತಿಕಾಯ ಇರಬಹುದೆಂದು ಅಂದಾಜಿಸಿತು. ಅಧಿಕೃತ ಪ್ರಕರಣಗಳ ಸಂಖ್ಯೆ ಅದರ ಹತ್ತಿರಕ್ಕೂ ಸುಳಿದಿರಲಿಲ್ಲ. ಹಳ್ಳಿಯ ಕೂಲಿಯಾಗಲಿ, ಕೊಲ್ಲಿಯ ಕೂಲಿಯಾಗಲಿ, ಜ್ವರ ಬಂದು ಹೋದದ್ದನ್ನು ಬಲ್ಲವರು ಅವರು ಮತ್ತು ಪಕ್ಕದ ಮಂಚದವರು ಮಾತ್ರ.

ಪ್ರತಿಕಾಯ ಪರೀಕ್ಷೆಯ ಮಹತ್ವ ಇರುವುದು ಇಲ್ಲಿಯೇ. ಮೂಗಿನ ದ್ರವದ ಪರೀಕ್ಷೆ ಇಂದಿನ ಸುದ್ದಿ ಹೇಳಿದರೆ, ರಕ್ತ ನಿನ್ನೆಯ ನೆನಪನ್ನು ಇಟ್ಟುಕೊಂಡಿರುತ್ತದೆ. ಸೋಂಕು ತಗುಲಿದ ಕೆಲವು ವಾರಗಳಲ್ಲಿ ಪ್ರತಿಕಾಯಗಳ ಮಟ್ಟ ಏರುತ್ತದೆ. ತಿಂಗಳುಗಳು ಕಳೆದಂತೆ ನಿಧಾನವಾಗಿ ಇಳಿಯುತ್ತದೆ. ಇಳಿಯುತ್ತಿದ್ದ ಮಟ್ಟ ಮತ್ತೆ ಸ್ಪಷ್ಟವಾಗಿ ಏರಿದ್ದರೆ, ದೇಹ ನಡುವೆ ಇನ್ನೊಮ್ಮೆ ವೈರಾಣುವನ್ನು ಎದುರಿಸಿದೆ ಎಂದು ತಿಳಿಯಬಹುದು. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆ ಹಾಗೂ ಅದರ ಜೊತೆಗಾರ ಸಂಸ್ಥೆಗಳ ವಿಜ್ಞಾನಿಗಳು ಈ ತರ್ಕವನ್ನೇ ಹಿಡಿದರು. ಮೊದಲೇ ಪ್ರತಿಕಾಯವಿದ್ದ 91 ಜನರ ರಕ್ತವನ್ನು ಡೆಲ್ಟಾ ಅಲೆಯ ನಂತರ ಮತ್ತೆ ನೋಡಿದಾಗ 25 ಜನರಲ್ಲಿ, ಅಂದರೆ ಶೇ 27.5ರಷ್ಟು ಜನರಲ್ಲಿ, ಮರುಸೋಂಕಿನ ಗುರುತು ಸಿಕ್ಕಿತು. ‘ಸೈನ್ಸ್’ ಪತ್ರಿಕೆಯಲ್ಲಿ 2021ರಲ್ಲಿ ಬಂದ ಈ ಫಲಿತಾಂಶ ಜಗತ್ತಿನ ಊಹೆಗಳನ್ನು ತಿದ್ದಿತು.

ಅದಕ್ಕೆ ಕೆಲವೇ ತಿಂಗಳ ಹಿಂದೆ ಕತಾರ್‌ನಿಂದ ಬೇರೊಂದು ಚಿತ್ರ ಬಂದಿತ್ತು. ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಲೈತ್ ಅಬು ರದ್ದಾದ್ ಮತ್ತು ಸಂಗಡಿಗರು ಪ್ರತಿಕಾಯ ಹೊಂದಿದ್ದ 43,044 ಜನರನ್ನು ಏಳು ತಿಂಗಳವರೆಗೆ ಅನುಸರಿಸಿ, ಹಿಂದಿನ ಸೋಂಕು ಮರುಸೋಂಕಿನಿಂದ ಸುಮಾರು ಶೇ 95ರಷ್ಟು ರಕ್ಷಣೆ ನೀಡುತ್ತದೆ ಎಂದು ಕಂಡುಕೊಂಡರು. ಆ ಗುಂಪಿನಲ್ಲಿ ಮರುಸೋಂಕಿನಿಂದ ಯಾರೂ ಸಾಯಲಿಲ್ಲ. ಎರಡು ಅಧ್ಯಯನಗಳು ಪರಸ್ಪರ ವಿರುದ್ಧವೆಂದು ತೋರಿದರೂ ಹಾಗಿಲ್ಲ. ಕತಾರ್‌ನ ಅಧ್ಯಯನ ಡೆಲ್ಟಾ ಬರುವ ಮುನ್ನಿನದು. ಅಲ್ಲಿ ಮೊದಲ ಸೋಂಕಿಗೆ ರಕ್ತ ಸಾಕ್ಷಿಯಾದರೆ, ಎರಡನೆಯದಕ್ಕೆ ಪಿಸಿಆರ್ ಸಾಕ್ಷಿ. ದೆಹಲಿಯಲ್ಲಿ ಎರಡಕ್ಕೂ ರಕ್ತವೇ ಸಾಕ್ಷಿ. ಪರೀಕ್ಷೆಗೆ ಹೋಗದವರ, ಕೆಮ್ಮೂ ಬಾರದವರ ಮರುಸೋಂಕನ್ನು ರಕ್ತ ಹಿಡಿಯಬಲ್ಲದು. ಪಿಸಿಆರ್ ಕೇಂದ್ರಕ್ಕೆ ಬಂದವರನ್ನಷ್ಟೇ ಹಿಡಿಯುತ್ತದೆ. ಲೆಕ್ಕ ಬದಲಾಗುವುದು ಯಾರನ್ನು, ಹೇಗೆ ನೋಡಲಾಯಿತು ಎಂಬುದರಿಂದಲೂ ಹೌದು. ಮುಂದೆ ಕತಾರ್‌ನ ಅದೇ ತಂಡ, ಹಿಂದಿನ ಸೋಂಕಿನ ರಕ್ಷಣೆ ಓಮಿಕ್ರಾನ್ ಎದುರು ಸುಮಾರು ಶೇ 56ಕ್ಕೆ ಕುಸಿದಿದೆ ಎಂದು 2022ರಲ್ಲಿ ವರದಿ ಮಾಡಿತು.

ಈ ಪರೀಕ್ಷೆಗೆ ಮಿತಿಗಳೂ ಇವೆ, ಅವನ್ನು ಮರೆಮಾಚುವುದು ಪ್ರಗತಿಪರತೆಯಲ್ಲ. ಕೋವಿಶೀಲ್ಡ್, ಫೈಜರ್, ಮಾಡರ್ನಾ ಲಸಿಕೆಗಳು ವೈರಾಣುವಿನ ಸ್ಪೈಕ್ ಪ್ರೋಟೀನಿಗೆ ಮಾತ್ರ ಪ್ರತಿಕಾಯ ಹುಟ್ಟಿಸುತ್ತವೆ. ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೋಟೀನಿಗೆ ಪ್ರತಿಕಾಯ ಹುಟ್ಟುವುದು ಸೋಂಕಿನಿಂದ. ಆದ್ದರಿಂದ ಎರಡನೆಯ ಬಗೆಯ ಪ್ರತಿಕಾಯವನ್ನು ಹುಡುಕಿದರೆ ಲಸಿಕೆಯನ್ನೂ ಸೋಂಕನ್ನೂ ಬೇರ್ಪಡಿಸಬಹುದು. ಆದರೆ ಕೊವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ಇಡೀ ವೈರಾಣುವಿನಿಂದ ಮಾಡಿದ ಲಸಿಕೆ. ಅದನ್ನು ಪಡೆದು ಊರಿನಿಂದ ಮರಳಿದವರಲ್ಲಿ ಈ ಭೇದ ಕೈಕೊಡುತ್ತದೆ. ಕೆಲವರಲ್ಲಿ ಸೋಂಕಿನ ನಂತರವೂ ಪ್ರತಿಕಾಯ ಕಾಣದು. ಕೆಲವರಲ್ಲಿ ಬೇಗ ಮಾಯವಾಗುತ್ತದೆ. ಒಂದೇ ಸಲದ ಪರೀಕ್ಷೆ ಒಬ್ಬ ವ್ಯಕ್ತಿಗೆ ಮರುಸೋಂಕು ಆಗಿದೆಯೇ ಎಂದು ಹೇಳಲಾರದು. ಕಾಲಾಂತರದಲ್ಲಿ ತೆಗೆದ ಎರಡು ಮಾದರಿಗಳ ಹೋಲಿಕೆ ಬೇಕು. ಸಮುದಾಯದ ಆರೋಗ್ಯ ತಿಳಿಯಲು ಇದು ಉತ್ತಮ ಸಾಧನ. ವ್ಯಕ್ತಿಯ ಹಣೆಗೆ ಮುದ್ರೆ ಒತ್ತಲು ಕೆಟ್ಟ ಸಾಧನ.

ಈ ಭೇದವನ್ನು ಮಾಲೀಕರು ಬೇಗ ಮರೆಯುತ್ತಾರೆ. ಪ್ರತಿಕಾಯವಿರುವ ಕಾರ್ಮಿಕ ‘ಸುರಕ್ಷಿತ’ ಎಂದಾದರೆ, ಅವನನ್ನು ಮತ್ತದೇ ಇಕ್ಕಟ್ಟಿನ ಕೋಣೆಗೆ, ಕಿಕ್ಕಿರಿದ ಬಸ್ಸಿಗೆ ಕಳುಹಿಸಲು ವಿಜ್ಞಾನದ ಅನುಮತಿ ಸಿಕ್ಕಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಏಪ್ರಿಲ್‌ನಲ್ಲೇ ‘ರೋಗನಿರೋಧಕ ಪಾಸ್‌ಪೋರ್ಟ್’ ಎಂಬ ಕಲ್ಪನೆಯ ವಿರುದ್ಧ ಎಚ್ಚರಿಸಿತ್ತು. ಪಾಸ್‌ಪೋರ್ಟ್ ಎಂಬ ಶಬ್ದ ಕೊಲ್ಲಿಯ ಕಾರ್ಮಿಕನಿಗೆ ಬರಿಯ ರೂಪಕವಲ್ಲ. ಅದನ್ನು ಬೇರೊಬ್ಬರ ಕಪಾಟಿನಲ್ಲಿ ಕಂಡವನಿಗೆ, ತನ್ನ ರಕ್ತದ ವರದಿಯೂ ಅದೇ ಕಪಾಟು ಸೇರಿದರೆ ಏನಾಗುವುದೆಂದು ಯಾರೂ ವಿವರಿಸಬೇಕಿಲ್ಲ.

ಕತಾರ್ ಮಾಡಿದ್ದೆಲ್ಲವೂ ತಪ್ಪೆಂದು ಹೇಳುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಕಾರ್ಮಿಕರ ನಡುವೆ ಸಮೀಕ್ಷೆ ನಡೆಸಿ, ಮುಜುಗರ ತರುವ ಅಂಕಿಗಳನ್ನು ಆ ದೇಶದ ಸಂಸ್ಥೆಗಳೇ ಪ್ರಕಟಿಸಿದವು. 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಪತ್ರ ಬೇಕೆಂಬ ನಿಯಮ ರದ್ದಾಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಜಾರಿಗೆ ಬಂತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮರುಸೋಂಕಿನ ಬಗ್ಗೆ ಜಗತ್ತು ಕಲಿತದ್ದರಲ್ಲಿ ದೊಡ್ಡ ಪಾಲು ಕತಾರ್‌ನಲ್ಲಿ ದುಡಿಯುವ ವಲಸಿಗರ ರಕ್ತದಿಂದ ಬಂದದ್ದು. ಆ ಜ್ಞಾನದಲ್ಲಿ ಅವರಿಗೆ ಸಿಕ್ಕ ಪಾಲೆಷ್ಟು?

ಪಾಲು ಕೇಳುವುದೆಂದರೆ ದಾನ ಕೇಳುವುದಲ್ಲ. ರಕ್ತ ಕೊಟ್ಟವನಿಗೆ ಫಲಿತಾಂಶ ಅವನ ಭಾಷೆಯಲ್ಲಿ ತಿಳಿಯಬೇಕು. ಅದು ಮಾಲೀಕನ ಕೈಗೆ ಹೋಗಬಾರದು. ಒಪ್ಪಂದ ಮುಗಿದು ಭಟ್ಕಳಕ್ಕೋ ಉಡುಪಿಗೋ ಕಲಬುರಗಿಗೋ ಮರಳುವಾಗ ಆರೋಗ್ಯದ ದಾಖಲೆ ಅವನೊಡನೆ ಬರಬೇಕು. ವರ್ಷದ ಮೇಲೆ ಏದುಸಿರು ಬಂದಾಗ ಊರಿನ ವೈದ್ಯರಿಗೆ ಹಿಂದಿನ ಕಥೆ ತಿಳಿಯಬೇಕು. ಜ್ವರ ಬಂದ ದಿನದ ಕೂಲಿ ಕಡಿತವಾಗದಿದ್ದರೆ ಮಾತ್ರ ಜ್ವರ ಬಂದವನು ಹೇಳಿಕೊಳ್ಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಶೇ 55.3 ಎಂಬ ಅಂಕಿಯನ್ನು ಪ್ರಯೋಗಾಲಯದ ಯಶಸ್ಸೆಂದಲ್ಲ, ವಸತಿಯ ವೈಫಲ್ಯವೆಂದು ಓದಬೇಕು.

ಕರ್ನಾಟಕ ಸಂಘ, ತುಳು ಕೂಟಗಳಂಥ ಸಂಘಟನೆಗಳಿಗೂ ಇಲ್ಲಿ ಕೆಲಸವಿದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಅನಿವಾಸಿ ಕನ್ನಡಿಗರ ಸಾಧನೆಯನ್ನು ಹೊಗಳುವ ಮಂತ್ರಿಗಳ ಮುಂದೆ, ಮರಳಿ ಬರುವ ಕಾರ್ಮಿಕರ ಆರೋಗ್ಯ ದಾಖಲೆಯನ್ನು ರಾಜ್ಯದ ವ್ಯವಸ್ಥೆ ಹೇಗೆ ಸ್ವೀಕರಿಸುತ್ತದೆ ಎಂಬ ಪ್ರಶ್ನೆಯನ್ನು ಅವು ಇಡಬಹುದು. ಮೊದಲ ಸೋಂಕನ್ನು ಯಾರೂ ಬರೆದುಕೊಳ್ಳದ ಕಾರಣ ಎರಡನೆಯದು ಅಗೋಚರವಾಯಿತು. ಮುಂದಿನ ಸಾಂಕ್ರಾಮಿಕದಲ್ಲಾದರೂ ಆ ಬರವಣಿಗೆ ಕಾರ್ಮಿಕರ ವಸತಿಗಳಿಂದಲೇ ಆರಂಭವಾಗಬೇಕು.